ಗೂಢಲಿಪಿಯೂ ಸರ್ಕಾರದ ಕಟ್ಟಳೆಯೂ

ಪ್ರಜೆಯೊಬ್ಬನು ಮತ್ತೊಬ್ಬನಿಗೆ ಬರೆದ ಕಾಗದವನ್ನು ಒಡೆದು ಓದುವ ಅಧಿಕಾರವು ಸರ್ಕಾರಕ್ಕೆ ಎಷ್ಟರ ಮಟ್ಟಿಗೆ ಇರತಕ್ಕದ್ದು ಎಂಬುದು ಹೊಸ ಪ್ರಶ್ನೆಯಲ್ಲ. ಬ್ರಿಟಿಷರು 1885ರಲ್ಲಿ ತಂತಿಯ ಕಾಯಿದೆಯನ್ನೂ 1898ರಲ್ಲಿ ಅಂಚೆಯ ಕಾಯಿದೆಯನ್ನೂ ಮಾಡಿ, ಸಾರ್ವಜನಿಕ ಕ್ಷೇಮದ ಹೆಸರಿನಲ್ಲಿ ಈ ಅಧಿಕಾರವನ್ನು ತಮ್ಮ ಕೈಯಲ್ಲಿರಿಸಿಕೊಂಡರು. ಸ್ವರಾಜ್ಯಕ್ಕಾಗಿ ದುಡಿದವರ ಕಾಗದಗಳು ವಿಳಾಸದಾರರಿಗೆ ಮುಟ್ಟುವ ಮುನ್ನ ಪೊಲೀಸರ ಮೇಜನ್ನು ಮುಟ್ಟುತ್ತಿದ್ದುದನ್ನು ನಮ್ಮ ಹಿರಿಯರು ಚೆನ್ನಾಗಿ ಬಲ್ಲವರಾಗಿದ್ದರು. ಸ್ವರಾಜ್ಯವು ಬಂದ ಮೇಲೂ ಆ ಎರಡು ಕಾಯಿದೆಗಳು ಮುಕ್ಕಾಲು ಶತಮಾನದವರೆಗೆ ಉಳಿದುಕೊಂಡವು. 2023ರಲ್ಲಿ ಪಾರ್ಲಿಮೆಂಟು ಅವುಗಳ ಸ್ಥಾನದಲ್ಲಿ ದೂರಸಂಪರ್ಕ ಕಾಯಿದೆಯನ್ನೂ ಹೊಸ ಅಂಚೆ ಕಾಯಿದೆಯನ್ನೂ ಅಂಗೀಕರಿಸಿತು. ಕಾಯಿದೆಗಳು ಬದಲಾದವು, ಅಧಿಕಾರವು ಬದಲಾಗದೆ ಹೊಸ ಮನೆಗೆ ದಾಟಿಕೊಂಡಿತು. ಅಷ್ಟೇ ಅಲ್ಲದೆ, ದೂರಸಂಪರ್ಕ ಕಾಯಿದೆಯ 20ನೆಯ ಪ್ರಕರಣದಲ್ಲಿ, ತಡೆಹಿಡಿದ ಸಂದೇಶವನ್ನು ಅರ್ಥವಾಗುವ ರೂಪದಲ್ಲಿ ಒಪ್ಪಿಸಬೇಕೆಂಬ ಮಾತೂ ಸೇರಿತು.

ಈ ಒಂದು ಮಾತಿನಲ್ಲಿಯೇ ಇಂದಿನ ವಿವಾದದ ಬೀಜವಿದೆ. ಹಿಂದಿನ ಕಾಗದಕ್ಕೆ ಇದ್ದುದು ಅಂಟಿಸಿದ ಲಕೋಟೆಯೊಂದೇ. ಅದನ್ನು ಬಿಚ್ಚಲು ಬಿಸಿನೀರಿನ ಹಬೆ ಸಾಕಾಗಿತ್ತು. ಇಂದಿನ ಸಂದೇಶಕ್ಕಾದರೋ ಗಣಿತದ ಬೀಗವಿದೆ. ಆ ಬೀಗವನ್ನು ಸಂದೇಶವನ್ನು ಸಾಗಿಸುವ ಸಂಸ್ಥೆಯವರೂ ತೆರೆಯಲಾರರು. ಆದುದರಿಂದ ಲೋಕದ ಅನೇಕ ಸರ್ಕಾರಗಳು, ಪ್ರತಿಯೊಂದು ಬೀಗಕ್ಕೂ ಎರಡನೆಯ ಕೈಯೊಂದನ್ನು ಮಾಡಿಸಿ ತಮಗೆ ಒಪ್ಪಿಸಬೇಕೆಂದು ಕೇಳತೊಡಗಿವೆ. ಕಂಪ್ಯೂಟರ್ ವಿದ್ಯೆಯಲ್ಲಿ ಆಸಕ್ತರಾದವರು ಮೂವತ್ತು ವರ್ಷಗಳಿಂದಲೂ ಇದನ್ನು ಒಂದೇ ಕಂಠದಿಂದ ವಿರೋಧಿಸುತ್ತ ಬಂದಿದ್ದಾರೆ. ಅವರ ಮಾತನ್ನು ಹವ್ಯಾಸಿಗಳ ಹಟವೆಂದು ತಳ್ಳಿಹಾಕುವುದು ಅಧಿಕಾರಿವರ್ಗದವರಿಗೆ ಸುಲಭ. ಆದರೆ ಈ ವಿಷಯದಲ್ಲಿ ಅನುಭವವು ಅವರ ಪಕ್ಷದಲ್ಲಿದೆಯೆಂದೂ, ನಮ್ಮ ಸರ್ಕಾರವು ಅದನ್ನು ಮನಸ್ಸಿಗೆ ತಂದುಕೊಳ್ಳುವುದು ದೇಶಕ್ಕೆ ಕ್ಷೇಮಕರವೆಂದೂ ನಮ್ಮ ಅಭಿಪ್ರಾಯ.

ಗೂಢವಾಗಿ ಬರೆಯುವ ಕಲೆ ನಮಗೆ ಹೊಸದಲ್ಲ. ಅರವತ್ತನಾಲ್ಕು ಕಲೆಗಳ ಪಟ್ಟಿಯಲ್ಲಿ ವಾತ್ಸ್ಯಾಯನನು ಮ್ಲೇಚ್ಛಿತವಿಕಲ್ಪವೆಂದು ಹೇಳಿರುವುದು ಇದನ್ನೇ. ಆದರೆ ಪೂರ್ವದ ಗೂಢಲಿಪಿಗಳಲ್ಲಿ ಒಂದು ದೋಷವಿತ್ತು. ಬರೆಯುವವನಿಗೂ ಓದುವವನಿಗೂ ಒಂದೇ ಸಂಕೇತವು ಮೊದಲೇ ತಿಳಿದಿರಬೇಕಾಗಿತ್ತು. ಅದನ್ನು ಗುಟ್ಟಾಗಿ ತಲುಪಿಸುವುದೇ ದೊಡ್ಡ ಕಷ್ಟವಾಗಿತ್ತು. 1976ರಲ್ಲಿ ಅಮೆರಿಕದ ಡಿಫಿ ಮತ್ತು ಹೆಲ್‌ಮನ್ ಎಂಬ ಇಬ್ಬರು ಇದಕ್ಕೆ ಹೊಸ ದಾರಿಯನ್ನು ಪ್ರಕಟಿಸಿದರು; ಮರುವರ್ಷ ರಿವೆಸ್ಟ್, ಶಮೀರ್, ಆಡಲ್‌ಮನ್ ಎಂಬ ಮೂವರು ವಿದ್ವಾಂಸರು ಅದನ್ನು ಬಳಕೆಗೆ ಬರುವಂತೆ ರೂಪಿಸಿದರು. ಒಬ್ಬನು ತನ್ನ ಬೀಗವನ್ನು ತೆರೆದ ಸ್ಥಿತಿಯಲ್ಲಿ ಊರಿಗೆಲ್ಲ ಹಂಚಿ, ಅದರ ಕೈಯನ್ನು ಮಾತ್ರ ತನ್ನಲ್ಲಿಟ್ಟುಕೊಂಡಂತೆ ಈ ಉಪಾಯ. ಯಾರು ಬೇಕಾದರೂ ಪೆಟ್ಟಿಗೆಯಲ್ಲಿ ಕಾಗದವನ್ನಿಟ್ಟು ಆ ಬೀಗವನ್ನು ಅದುಮಬಹುದು, ತೆರೆಯಬಲ್ಲವನು ಕೈಯುಳ್ಳವನೊಬ್ಬನೇ. ಇಂದು ಬ್ಯಾಂಕಿನ ಹಣವು ಒಂದು ಖಾತೆಯಿಂದ ಮತ್ತೊಂದಕ್ಕೆ ಹೋಗುವುದೂ, ತೆರಿಗೆಯ ಲೆಕ್ಕವು ಇಲಾಖೆಗೆ ಸಲ್ಲುವುದೂ, ವ್ಯಾಪಾರಿಯ ದರಪಟ್ಟಿಯು ಗಿರಾಕಿಗೆ ಮುಟ್ಟುವುದೂ ಇಂತಹ ಬೀಗಗಳ ರಕ್ಷಣೆಯಲ್ಲಿಯೇ.

ಈ ವಿದ್ಯೆಯು ಬಹುಕಾಲ ಸೈನ್ಯದವರಲ್ಲಿಯೂ ದೊಡ್ಡ ಬ್ಯಾಂಕುಗಳಲ್ಲಿಯೂ ಉಳಿದಿತ್ತು. ಅದನ್ನು ಸಾಮಾನ್ಯನ ಮೇಜಿನ ಮೇಲೆ ತಂದಿಟ್ಟವರು ಫಿಲ್ ಜಿಮ್ಮರ್‌ಮನ್ ಎಂಬ ಅಮೆರಿಕದ ಪ್ರೋಗ್ರಾಮರರು. ಗೂಢಲಿಪಿಯ ಯಂತ್ರಗಳನ್ನು ಮಾಡುವವರು ಸರ್ಕಾರಕ್ಕೆ ಸಂದೇಶವನ್ನು ಬಿಡಿಸಿಕೊಡುವ ಅನುಕೂಲವಿಟ್ಟೇ ಮಾಡಬೇಕೆಂಬ ಮಾತು 1991ರಲ್ಲಿ ಅಲ್ಲಿನ ಸೆನೆಟ್ ಸಭೆಯ ಮಸೂದೆಯೊಂದರಲ್ಲಿ ಕಾಣಿಸಿಕೊಂಡಿತು. ಅದು ಕಾನೂನಾಗುವ ಮೊದಲೇ ಜನರ ಕೈಯಲ್ಲಿ ಒಳ್ಳೆಯ ಬೀಗವಿರಲೆಂದು ಅವರು ಅದೇ ವರ್ಷ ಪಿ.ಜಿ.ಪಿ. ಎಂಬ ಪ್ರೋಗ್ರಾಮನ್ನು ಬರೆದು, ದುಡ್ಡು ತೆಗೆದುಕೊಳ್ಳದೆ ಹಂಚಿದರು. ಅವರ ವಾದವು ಸರಳವಾದದ್ದು: ಸಭ್ಯರಾದ ಜನರು ತಮ್ಮ ಪತ್ರಗಳನ್ನೆಲ್ಲ ಕಾರ್ಡಿನಲ್ಲಿ ಬರೆಯದೆ ಲಕೋಟೆಯಲ್ಲಿಡುವುದು ಅವರು ಅಪರಾಧಿಗಳೆಂಬುದರಿಂದಲ್ಲ, ಎಲ್ಲರೂ ಲಕೋಟೆಯನ್ನು ಬಳಸಿದರೆ ಮಾತ್ರ ಲಕೋಟೆಯನ್ನು ಬಳಸಿದವನ ಮೇಲೆ ಸಂಶಯವು ಹುಟ್ಟದು.

ಆ ಕಾಲದಲ್ಲಿ ಅಮೆರಿಕದ ಕಾನೂನು ಬಲವಾದ ಗೂಢಲಿಪಿಯನ್ನು ಫಿರಂಗಿ, ಮದ್ದುಗುಂಡುಗಳ ಸಾಲಿನಲ್ಲಿಟ್ಟು, ಅನುಮತಿಯಿಲ್ಲದೆ ಹೊರದೇಶಕ್ಕೆ ಕಳುಹಿಸುವುದನ್ನು ನಿಷೇಧಿಸಿತ್ತು. ಜಿಮ್ಮರ್‌ಮನ್ನರ ಪ್ರೋಗ್ರಾಮು ಗಡಿ ದಾಟಿತೆಂದು 1993ರಲ್ಲಿ ಅವರ ಮೇಲೆ ಅಪರಾಧದ ತನಿಖೆ ಮೊದಲಾಯಿತು. 1995ರಲ್ಲಿ ಎಂ.ಐ.ಟಿ. ಮುದ್ರಣಾಲಯವು ಆ ಪ್ರೋಗ್ರಾಮಿನ ಪಠ್ಯವನ್ನೆಲ್ಲ ಪುಸ್ತಕವಾಗಿ ಅಚ್ಚು ಹಾಕಿತು. ಫ್ಲಾಪಿಯಲ್ಲಿದ್ದರೆ ಆಯುಧ, ಕಾಗದದ ಮೇಲಿದ್ದರೆ ವಾಙ್ಮಯ ಎಂಬ ಈ ಸೋಜಿಗವನ್ನು ಕಂಡು ಕಾನೂನು ಪಂಡಿತರೂ ನಗುವಂತಾಯಿತು. 1996ರ ಜನವರಿಯಲ್ಲಿ ಸರ್ಕಾರವು ಯಾವ ಆಪಾದನೆಯನ್ನೂ ಹೊರಿಸದೆ ತನಿಖೆಯನ್ನು ಕೈಬಿಟ್ಟಿತು. 2000ದ ಹೊತ್ತಿಗೆ ರಫ್ತಿನ ಕಟ್ಟಳೆಗಳೂ ಬಹುಮಟ್ಟಿಗೆ ಸಡಿಲವಾದವು.

ಇದೇ ಕಾಲದಲ್ಲಿ ಎರಡನೆಯ ಕೈಯ ಪ್ರಯೋಗವೂ ನಡೆದುಹೋಯಿತು. 1993ರ ಏಪ್ರಿಲಿನಲ್ಲಿ ಅಮೆರಿಕದ ಸರ್ಕಾರವು ಕ್ಲಿಪ್ಪರ್ ಎಂಬ ಚಿಪ್ಪನ್ನು ಹೊರತಂದಿತು. ದೂರವಾಣಿಯ ಮಾತನ್ನು ಅದು ಗೂಢಗೊಳಿಸುವುದು. ಪ್ರತಿಯೊಂದು ಚಿಪ್ಪಿನ ಕೈಯೂ ಎರಡು ತುಂಡಾಗಿ ಎರಡು ಸರ್ಕಾರೀ ಕಚೇರಿಗಳಲ್ಲಿರುವುದು. ಅಗತ್ಯ ಬಿದ್ದಾಗ ಎರಡನ್ನೂ ಕೂಡಿಸಿ ಮಾತನ್ನು ಆಲಿಸಬಹುದು ಎಂಬುದು ಅದರ ಯೋಜನೆ. ಮರುವರ್ಷವೇ ಮ್ಯಾಟ್ ಬ್ಲೇಜ್ ಎಂಬ ಸಂಶೋಧಕರು, ಬಳಸುವವನು ಬೀಗವನ್ನು ತಾನು ಉಪಯೋಗಿಸಿಕೊಂಡೇ ಸರ್ಕಾರದ ಕೈ ಮಾತ್ರ ತಿರುಗದಂತೆ ಮಾಡಬಹುದೆಂದು ತೋರಿಸಿಕೊಟ್ಟರು. ಕೊಳ್ಳುವವರಿಲ್ಲದೆ ಆ ಚಿಪ್ಪು ಮೂಲೆ ಸೇರಿತು. ಮರೆಯಬಯಸುವ ದುಷ್ಟನಿಗೆ ಉಪಾಯವಿತ್ತು. ನಿಯಮಕ್ಕೆ ತಲೆಬಾಗುವ ಸಾಧುವಿನ ಮಾತು ಮಾತ್ರ ಬಯಲಾಗುತ್ತಿತ್ತು.

ಎರಡನೆಯ ಕೈಯು ಸರ್ಕಾರದ ಹಸ್ತದಲ್ಲಿಯೇ ಭದ್ರವಾಗಿರುವುದೆಂದು ನಂಬಲು ಆಧಾರವೇನು? ಗ್ರೀಸ್ ದೇಶದಲ್ಲಿ ವೋಡಾಫೋನ್ ಸಂಸ್ಥೆಯ ದೂರವಾಣಿ ಜಾಲದೊಳಗೆ, ಪೊಲೀಸರ ಕಾನೂನುಬದ್ಧ ಕದ್ದಾಲಿಕೆಗೆಂದೇ ರೂಪಿಸಿದ್ದ ವ್ಯವಸ್ಥೆಯೊಂದಿತ್ತು. ಯಾರೋ ಅದರೊಳಗೆ ನುಸುಳಿ, 2004 ಮತ್ತು 2005ರಲ್ಲಿ ಹಲವು ತಿಂಗಳ ಕಾಲ ಆ ದೇಶದ ಪ್ರಧಾನಮಂತ್ರಿ ಕರಮನ್ಲಿಸರನ್ನೂ ಅವರ ಮಂತ್ರಿಗಳನ್ನೂ ಸೇರಿಸಿ ನೂರಕ್ಕೂ ಹೆಚ್ಚು ಮಂದಿಯ ಮಾತನ್ನು ಆಲಿಸಿದರು. ಪ್ರಜೆಗಳನ್ನು ಕೇಳಲು ಕೊರೆದ ಕಿಂಡಿಯಿಂದ ಪ್ರಧಾನಿಯ ಮನೆಯ ಮಾತೇ ಹೊರಬಿದ್ದಿತು. 2024ರಲ್ಲಿ ಅಮೆರಿಕದಲ್ಲಿಯೂ ಇಂತಹುದೇ ನಡೆಯಿತು. ಚೀನಾದವರೆಂದು ಅಲ್ಲಿನ ಸರ್ಕಾರವು ಹೇಳಿದ ಗೂಢಚಾರರು ದೊಡ್ಡ ದೊಡ್ಡ ದೂರವಾಣಿ ಸಂಸ್ಥೆಗಳೊಳಗೆ ನುಗ್ಗಿ, ನ್ಯಾಯಾಲಯದ ಆಜ್ಞೆಯ ಮೇರೆಗೆ ಮಾತನ್ನು ಕೇಳುವುದಕ್ಕಾಗಿ ಇಟ್ಟಿದ್ದ ವ್ಯವಸ್ಥೆಗಳನ್ನೂ ಮುಟ್ಟಿದರು. ಆ ವರ್ಷದ ಡಿಸೆಂಬರಿನಲ್ಲಿ, ಬಲವಾದ ಬೀಗಗಳನ್ನು ಕಂಡು ಬಹುಕಾಲದಿಂದ ಗೊಣಗುತ್ತಿದ್ದ ಸರ್ಕಾರದ ಅಧಿಕಾರಿಗಳೇ, ಗೂಢಲಿಪಿಯುಳ್ಳ ಸಂದೇಶಸೇವೆಗಳನ್ನು ಬಳಸಿರೆಂದು ಜನರಿಗೆ ಬುದ್ಧಿ ಹೇಳಬೇಕಾಯಿತು. ಕೈಯು ತನ್ನ ಯಜಮಾನನು ಯಾರೆಂಬುದನ್ನು ಅರಿಯದು. ಹಿಡಿದವನಿಗೆಲ್ಲ ಅದು ಬಾಗಿಲನ್ನು ತೆರೆಯುತ್ತದೆ.

ಆಸ್ಟ್ರೇಲಿಯದ ಪ್ರಧಾನಮಂತ್ರಿಗಳಾಗಿದ್ದ ಟರ್ನ್‌ಬುಲ್ ಅವರು 2017ರಲ್ಲಿ, ಗಣಿತದ ನಿಯಮಗಳು ಶ್ಲಾಘ್ಯವೇ ಆದರೂ ತಮ್ಮ ದೇಶದಲ್ಲಿ ನಡೆಯುವುದು ತಮ್ಮ ದೇಶದ ಕಾನೂನೇ ಎಂಬರ್ಥದ ಮಾತನ್ನಾಡಿದರು. ಅಧಿಕಾರದಲ್ಲಿರುವವರಿಗೆ ಇಂತಹ ಭ್ರಮೆಯುಂಟಾಗುವುದು ಸಹಜ. ಆದರೆ ಒಳ್ಳೆಯವರಿಗೆ ಮಾತ್ರ ತೆರೆದು ಕೆಟ್ಟವರಿಗೆ ಮುಚ್ಚಿರುವ ಬೀಗವನ್ನು ಯಾವ ಶಾಸನಸಭೆಯೂ ಹುಟ್ಟಿಸಲಾರದು.

ಇಷ್ಟು ಹೇಳಿದ ಮಾತ್ರಕ್ಕೆ ಸರ್ಕಾರದ ಪಕ್ಷದಲ್ಲಿ ಹುರುಳಿಲ್ಲವೆಂದು ವಾಚಕರು ಭಾವಿಸಬಾರದು. 2018ರ ಜುಲೈ ತಿಂಗಳಲ್ಲಿ ನಮ್ಮ ಬೀದರ್ ಜಿಲ್ಲೆಯಲ್ಲಿ ನಡೆದ ಘೋರವನ್ನು ಯಾರೂ ಮರೆತಿರಲಾರರು. ಹೈದರಾಬಾದಿನಿಂದ ಬಂದ ಕೆಲವರು ದಾರಿಯಲ್ಲಿ ಮಕ್ಕಳಿಗೆ ಚಾಕೊಲೇಟು ಹಂಚಿದರು. ಅವರು ಮಕ್ಕಳ ಕಳ್ಳರೆಂಬ ಸುದ್ದಿಯು ವಾಟ್ಸಾಪಿನ ಮೂಲಕ ಅವರ ವಾಹನಕ್ಕಿಂತ ಮುಂದೆ ಓಡಿತು. ಜನರು ದಾರಿಗೆ ಅಡ್ಡಗಟ್ಟಿ ಅವರನ್ನು ಬಡಿದರು; ತರುಣ ಇಂಜಿನಿಯರರೊಬ್ಬರು ಅಲ್ಲಿಯೇ ಪ್ರಾಣಬಿಟ್ಟರು. ಅದೇ ತಿಂಗಳ ಮೊದಲ ದಿನ ಮಹಾರಾಷ್ಟ್ರದ ಧುಳೆ ಜಿಲ್ಲೆಯಲ್ಲಿ ಇಂತಹುದೇ ಗಾಳಿಮಾತಿಗೆ ಐದು ಮಂದಿ ಬಡವರು ಬಲಿಯಾಗಿದ್ದರು. ಇಂತಹ ಸಾವುಗಳ ಎದುರಿನಲ್ಲಿ ಸರ್ಕಾರವು ಕೈಕಟ್ಟಿ ಕುಳಿತಿರಬೇಕೆಂದು ಹೇಳುವವನು ಮನುಷ್ಯನಲ್ಲ.

ಸರ್ಕಾರವು ಕಂಡುಕೊಂಡ ಪರಿಹಾರವು 2021ರ ಫೆಬ್ರವರಿಯ ನಿಯಮಗಳಲ್ಲಿದೆ. ಐವತ್ತು ಲಕ್ಷಕ್ಕಿಂತ ಹೆಚ್ಚು ಬಳಕೆದಾರರುಳ್ಳ ಸಂದೇಶಸೇವೆಯು, ಆಜ್ಞೆಯಾದಾಗ, ಒಂದು ಸಂದೇಶವನ್ನು ಮೊತ್ತಮೊದಲು ಹುಟ್ಟುಹಾಕಿದವನು ಯಾರೆಂದು ತಿಳಿಸಬೇಕೆಂಬುದು ಅವುಗಳಲ್ಲೊಂದು. ಕೇಳಲು ಇದು ನ್ಯಾಯವಾಗಿಯೇ ತೋರುತ್ತದೆ. ಆದರೆ ಯಾವ ಸಂದೇಶವು ನಾಳೆ ಗಾಳಿಸುದ್ದಿಯಾಗುವುದೆಂದು ಇಂದು ಯಾರಿಗೂ ತಿಳಿಯದಾದುದರಿಂದ, ಕೋಟ್ಯಂತರ ಜನರ ಪ್ರತಿಯೊಂದು ಸಂದೇಶಕ್ಕೂ ಮೊದಲೇ ಗುರುತು ಹಾಕಿಡಬೇಕಾಗುತ್ತದೆ. ತಾಯಿ ಮಗನಿಗೆ ಬರೆದುದಕ್ಕೂ, ರೋಗಿಯು ವೈದ್ಯನಿಗೆ ಬರೆದುದಕ್ಕೂ, ಕಕ್ಷಿಗಾರನು ವಕೀಲನಿಗೆ ಬರೆದುದಕ್ಕೂ ಗುರುತು ಬೀಳಬೇಕು. ಹೀಗೆ ಗುರುತು ಹಾಕಿದರೂ ಕಿಡಿಗೇಡಿಯು ಒಂದಕ್ಷರವನ್ನು ಬದಲಿಸಿದರೆ ಅದು ಬೇರೆ ಸಂದೇಶವಾಗಿ ಜಾಡು ತಪ್ಪುತ್ತದೆ. ಇನ್ನೂ ವಿಚಿತ್ರವೆಂದರೆ, ಸಂದೇಶವು ಪರದೇಶದಲ್ಲಿ ಹುಟ್ಟಿದ್ದರೆ, ಭಾರತದೊಳಗೆ ಅದನ್ನು ಮೊದಲು ಕಳುಹಿಸಿದವನನ್ನೇ ಹುಟ್ಟುಹಾಕಿದವನೆಂದು ಎಣಿಸತಕ್ಕದ್ದೆಂದು ನಿಯಮವು ಹೇಳುತ್ತದೆ. ನಂಬಿ ಮುಂದಕ್ಕೆ ಕಳುಹಿಸಿದ ಪೆದ್ದನು ಮೂಲಪುರುಷನಾಗುತ್ತಾನೆ; ನಿಜವಾದ ಮೂಲಪುರುಷನು ಕಡಲಾಚೆ ನಗುತ್ತಿರುತ್ತಾನೆ. ವಾಟ್ಸಾಪ್ ಸಂಸ್ಥೆಯು 2021ರಲ್ಲಿ ಈ ನಿಯಮವನ್ನು ಪ್ರಶ್ನಿಸಿ ದೆಹಲಿಯ ಉಚ್ಚ ನ್ಯಾಯಾಲಯಕ್ಕೆ ಹೋಯಿತು. ಬೀಗವನ್ನು ಮುರಿಯಲೇಬೇಕಾದರೆ ತಾನು ದೇಶವನ್ನು ಬಿಡಬೇಕಾದೀತೆಂದು 2024ರ ಏಪ್ರಿಲಿನಲ್ಲಿ ಅದರ ವಕೀಲರು ಅಲ್ಲಿ ತಿಳಿಸಿದರು.

ಹಾಗಾದರೆ ಮಾಡತಕ್ಕದ್ದೇನು? ಬೀದರಿನ ಪ್ರಕರಣವೇ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿ ಪೊಲೀಸರು ಯಾವ ಬೀಗವನ್ನೂ ಮುರಿಯದೆ ಅನೇಕರನ್ನು ಹಿಡಿದರು. ಸಂದೇಶವು ಹರಡಿದ ಗುಂಪಿನ ಮೇಲ್ವಿಚಾರಕನೂ ಅವರಲ್ಲಿದ್ದನು. ಗುಂಪಿನಲ್ಲಿ ಹರಿದಾಡಿದ ಸುದ್ದಿಯು ಗುಂಪಿನವರೆಲ್ಲರ ಫೋನಿನಲ್ಲಿಯೂ ತೆರೆದ ರೂಪದಲ್ಲಿಯೇ ಇರುತ್ತದೆ; ಅದನ್ನು ಕೇಳಿ ಪಡೆಯುವುದು ತನಿಖೆಯ ಕೆಲಸವೇ ಹೊರತು ಗಣಿತದ ಕೆಲಸವಲ್ಲ. ಅದೇ ತಿಂಗಳಲ್ಲಿ ವಾಟ್ಸಾಪಿನವರು, ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಳಿಗಿಂತ ಹೆಚ್ಚಿಗೆ ದಾಟಿಸಲಾಗದಂತೆ ನಮ್ಮ ದೇಶದಲ್ಲಿ ಮಿತಿಯನ್ನು ಹಾಕಿದರು. 2020ರಲ್ಲಿ, ಈಗಾಗಲೇ ಬಹುವಾಗಿ ಹರಿದಾಡಿದ ಸಂದೇಶಕ್ಕೆ ಈ ಮಿತಿಯನ್ನು ಒಂದಕ್ಕೆ ಇಳಿಸಿದ ಮೇಲೆ ಅಂತಹ ಸಂದೇಶಗಳ ಸಂಚಾರವು ನೂರಕ್ಕೆ ಎಪ್ಪತ್ತರಷ್ಟು ಕುಗ್ಗಿತೆಂದು ಆ ಸಂಸ್ಥೆಯೇ ಪ್ರಕಟಿಸಿತು. ಬೆಂಕಿಯನ್ನು ಹಚ್ಚಿದವನ ಹೆಸರನ್ನು ಬೂದಿಯಲ್ಲಿ ಹುಡುಕುವುದಕ್ಕಿಂತ ಬೆಂಕಿಯು ಹರಡದಂತೆ ಮಾಡುವುದು ಮೇಲು. ಯಾರ ಕಾಗದವನ್ನೂ ಒಡೆಯದೆ ಇದು ಸಾಧ್ಯವಾಯಿತೆಂಬುದನ್ನು ಸರ್ಕಾರದವರು ಗಮನಿಸಬೇಕು.

ತಿಳಿದವರ ಮಾತನ್ನು ಮೊದಲೇ ಕೇಳದಿದ್ದರೆ ಏನಾಗುವುದೆಂಬುದಕ್ಕೆ ನಮ್ಮಲ್ಲಿಯೇ ನಿದರ್ಶನವಿದೆ. 2015ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರವು ಗೂಢಲಿಪಿಯ ರಾಷ್ಟ್ರೀಯ ನೀತಿಯೆಂಬ ಕರಡನ್ನು ಹೊರಡಿಸಿತು. ಗೂಢವಾಗಿ ಕಳುಹಿಸಿದ ಸಂದೇಶದ ತೆರೆದ ಪ್ರತಿಯನ್ನು ಪ್ರಜೆಗಳು ತೊಂಬತ್ತು ದಿನಗಳವರೆಗೆ ಇಟ್ಟುಕೊಂಡಿದ್ದು ಕೇಳಿದಾಗ ಒಪ್ಪಿಸಬೇಕೆಂದು ಅದರಲ್ಲಿ ಬರೆದಿತ್ತು. ಪೆಟ್ಟಿಗೆಗೆ ಬೀಗ ಹಾಕು, ಒಳಗಿರುವುದರ ನಕಲನ್ನು ಜಗಲಿಯ ಮೇಲಿಡು ಎಂದಂತಾಯಿತು. ಕಂಪ್ಯೂಟರ್ ಬಲ್ಲವರು ಹುಯಿಲಿಟ್ಟರು. ಕೆಲವೇ ದಿನಗಳಲ್ಲಿ ಮಂತ್ರಿಗಳು ಕರಡನ್ನು ಹಿಂದಕ್ಕೆ ತೆಗೆದುಕೊಂಡರು. ಹಿಂದಕ್ಕೆ ತೆಗೆದುಕೊಂಡುದು ಅವರ ವಿವೇಕ. ಅಂತಹುದನ್ನು ಬರೆಯುವಾಗ ವಿಷಯವನ್ನು ಬಲ್ಲವರೊಬ್ಬರೂ ತಡೆಯದಿದ್ದುದು ಕಚೇರಿಯ ದೋಷ.

ಈಗ ಅಧಿಕಾರದ ದುರುಪಯೋಗದ ಮಾತಿಗೆ ಬರೋಣ. ಇದು ಯಾವುದೊಂದು ಪಕ್ಷದ ಮೇಲಿನ ದೂರಲ್ಲ. ಎಲ್ಲ ಪಕ್ಷಗಳ ಸರ್ಕಾರಗಳೂ ಈ ಹಾದಿಯಲ್ಲಿ ಎಡವಿವೆ. ನಮ್ಮ ಕರ್ನಾಟಕದಲ್ಲಿಯೇ, ಮುಖ್ಯಮಂತ್ರಿಗಳಾಗಿದ್ದ ರಾಮಕೃಷ್ಣ ಹೆಗಡೆಯವರು 1988ರ ಆಗಸ್ಟಿನಲ್ಲಿ ರಾಜೀನಾಮೆಯಿತ್ತುದು ದೂರವಾಣಿ ಕದ್ದಾಲಿಕೆಯ ಆರೋಪದ ಮೇಲೆ. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಪಿ.ಯು.ಸಿ.ಎಲ್. ಸಂಸ್ಥೆಯ ದಾವೆಯಲ್ಲಿ, ಗೃಹ ಕಾರ್ಯದರ್ಶಿಯ ಆಜ್ಞೆಯಿಲ್ಲದೆ ಕದ್ದಾಲಿಸಕೂಡದೆಂದೂ, ಆ ಆಜ್ಞೆಗಳನ್ನು ಉನ್ನತಾಧಿಕಾರಿಗಳ ಸಮಿತಿಯು ಪರಿಶೀಲಿಸಬೇಕೆಂದೂ ಕಟ್ಟುಮಾಡಿತು. ಆದರೆ ಆಜ್ಞೆ ಕೊಡುವವರೂ ಅಧಿಕಾರಿಗಳು, ಪರಿಶೀಲಿಸುವವರೂ ಅಧಿಕಾರಿಗಳು. 2018ರಲ್ಲಿ ನ್ಯಾಯಮೂರ್ತಿ ಶ್ರೀಕೃಷ್ಣ ಅವರ ಸಮಿತಿಯು ಬೆಳಕಿಗೆ ತಂದಂತೆ, ಎರಡು ತಿಂಗಳಿಗೊಮ್ಮೆ ಸೇರುವ ಪರಿಶೀಲನಾ ಸಮಿತಿಯ ಮುಂದೆ ಒಂದೊಂದು ಸಭೆಗೂ 15,000ದಿಂದ 18,000 ಆಜ್ಞೆಗಳು ಬರುತ್ತಿದ್ದವು. ದಿನಕ್ಕೆ ಎಂಟು ಗಂಟೆಗಳ ಕಾಲ ಎಡೆಬಿಡದೆ ಕುಳಿತರೂ ಒಂದು ಆಜ್ಞೆಗೆ ಎರಡು ಸೆಕೆಂಡೂ ದೊರೆಯದು. ಇದಕ್ಕೆ ಪರಿಶೀಲನೆಯೆಂಬ ಹೆಸರು ಸಲ್ಲುವುದೇ ಎಂಬುದನ್ನು ವಾಚಕರೇ ತೀರ್ಮಾನಿಸಲಿ.

ಈ ವಿಷಯದಲ್ಲಿ ದೇಶಕ್ಕೆ ದಾರಿ ತೋರಿಸಿದವರಲ್ಲಿ ಒಬ್ಬರು ನಮ್ಮವರೆಂಬುದು ಹೆಮ್ಮೆಯ ಸಂಗತಿ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಇಳಿವಯಸ್ಸಿನಲ್ಲಿ, 2012ರಲ್ಲಿ, ಹೂಡಿದ ದಾವೆಯಿಂದಾಗಿ 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಾಧೀಶರು ಒಮ್ಮತದಿಂದ, ಖಾಸಗಿತನವು ಮೂಲಭೂತ ಹಕ್ಕೆಂದು ಸಾರಿದರು. ಅದರ ಮೇಲೆ ಕೈಯಿಡುವುದಕ್ಕೆ ಕಾನೂನಿನ ಆಧಾರವಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಕ್ರಮವಿರಬೇಕು ಎಂಬ ಒರೆಗಲ್ಲು ಅಲ್ಲಿ ದೊರೆಯಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರ ಹೆಸರಿನ ತೀರ್ಪು ಉಳಿದಿದೆ. ಅದರ ಆಶಯವು ಶಾಸನಗಳಲ್ಲಿ ಪೂರ್ತಿಯಾಗಿ ಇಳಿದಿಲ್ಲ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆಯು ವರ್ತಕರನ್ನು ಕಟ್ಟುಗಳಿಗೆ ಒಳಪಡಿಸಿ, ಸರ್ಕಾರವು ತನ್ನ ಯಾವುದೇ ಅಂಗವನ್ನು ರಾಜ್ಯದ ಭದ್ರತೆ, ಸುವ್ಯವಸ್ಥೆ ಮೊದಲಾದ ಕಾರಣಗಳಿಂದ ಆ ಕಟ್ಟಿನಿಂದ ಹೊರಗಿಡಬಹುದೆಂದು 17ನೆಯ ಪ್ರಕರಣದಲ್ಲಿ ಹೇಳುತ್ತದೆ. ಬೇಲಿಯು ಹೊಲವನ್ನು ಕಾಯಬೇಕು. ಬೇಲಿಯನ್ನು ಕಾಯುವವರು ಯಾರು?

ಕಂಪ್ಯೂಟರ್ ಪ್ರಿಯರಲ್ಲಿ ಕೆಲವರು ಇನ್ನೊಂದು ಕೊನೆಗೆ ಹೋಗಿ, ಜಾಲದ ಲೋಕಕ್ಕೆ ಸರ್ಕಾರವೇ ಬೇಡವೆನ್ನುತ್ತಾರೆ. 1996ರಲ್ಲಿ ಜಾನ್ ಪೆರಿ ಬಾರ್ಲೋ ಎಂಬವರು ಅಂತಹ ಸ್ವಾತಂತ್ರ್ಯಘೋಷಣೆಯನ್ನೇ ಹೊರಡಿಸಿದ್ದರು. ಅದನ್ನು ನಾವು ಒಪ್ಪಲಾರೆವು. ಸರ್ಕಾರವು ಹಿಂದೆ ಸರಿದ ಸ್ಥಳದಲ್ಲಿ ಪ್ರಜೆಯು ಸ್ವತಂತ್ರನಾಗಿ ನಿಲ್ಲಲಿಲ್ಲ. ಸಾತ್ಸಮುದ್ರಗಳಾಚೆಯ ಬೃಹತ್ ಸಂಸ್ಥೆಗಳು ಬಂದು ಕುಳಿತವು. ಅವು ನಮ್ಮ ಅಭಿರುಚಿ, ಓಡಾಟ, ಸ್ನೇಹಗಳ ಲೆಕ್ಕವನ್ನಿಟ್ಟು ಜಾಹೀರಾತುದಾರರಿಂದ ಹಣ ಮಾಡುತ್ತವೆ. ಅವಕ್ಕೆ ಕಡಿವಾಣವು ಬೇಕೇ ಬೇಕು. ವಂಚನೆಯನ್ನೂ ಬೆದರಿಕೆಯನ್ನೂ ಶಿಕ್ಷಿಸಬೇಕು. ನಾವು ಹೇಳುವುದು ಇಷ್ಟೇ: ಕಟ್ಟಳೆಯು ಕೃತ್ಯದ ಮೇಲೆ ಬೀಳಲಿ, ಉಪಕರಣದ ಮೇಲೆ ಬೇಡ, ಬಲಶಾಲಿಯ ಕೈಯನ್ನು ಹಿಡಿಯಲಿ, ದುರ್ಬಲನ ಬಾಗಿಲನ್ನು ಮುರಿಯುವುದು ಬೇಡ.

ಆದುದರಿಂದ ಸರ್ಕಾರದವರ ಮುಂದೆ ಕೆಲವು ಸೂಚನೆಗಳನ್ನಿಡುತ್ತೇವೆ. ಗೂಢಲಿಪಿಯನ್ನು ದುರ್ಬಲಗೊಳಿಸುವ ಯಾವ ನಿಯಮವನ್ನೂ ಮಾಡುವುದಿಲ್ಲವೆಂದು ಸ್ಪಷ್ಟವಾಗಿ ಸಾರಬೇಕು. ಮೂಲಪುರುಷನನ್ನು ಹುಡುಕುವ ನಿಯಮವನ್ನು ಹಿಂದೆಗೆದುಕೊಳ್ಳಬೇಕು. ಕದ್ದಾಲಿಕೆಯ ಆಜ್ಞೆಗೆ ನ್ಯಾಯಾಧೀಶರ ಪೂರ್ವಾನುಮತಿ ಇರಬೇಕು. ಸಮಯವಿಲ್ಲದ ತುರ್ತು ಸಂದರ್ಭದಲ್ಲಿ ಕೆಲವೇ ದಿನಗಳೊಳಗೆ ಅದನ್ನು ಪಡೆಯುವಂತಿರಬೇಕು. ವರ್ಷಕ್ಕೆ ಎಷ್ಟು ಆಜ್ಞೆಗಳಾದವು, ಎಷ್ಟರಿಂದ ಅಪರಾಧವು ಸಿದ್ಧವಾಯಿತು ಎಂಬ ಲೆಕ್ಕವು, ಹೆಸರುಗಳನ್ನು ಬಿಟ್ಟು, ಶಾಸನಸಭೆಗಳ ಮುಂದೆ ಬರಬೇಕು. ಜಿಲ್ಲೆಯ ಪೊಲೀಸರಿಗೆ ಈ ವಿದ್ಯೆಯಲ್ಲಿ ಶಿಕ್ಷಣವನ್ನೂ ಉಪಕರಣವನ್ನೂ ಕೊಡಬೇಕು. ಇವಾವುವೂ ಅಸಾಧ್ಯವಾದ ಬೇಡಿಕೆಗಳಲ್ಲ.

ಅಧಿಕಾರಿವರ್ಗದವರಲ್ಲಿಯೂ ಒಂದು ಮಾತು. ತಾವು ಬರೆಯುವ ಟಿಪ್ಪಣಿಯೂ, ತಮ್ಮ ಮನೆಯವರ ಮಾತೂ, ತಮ್ಮ ಬ್ಯಾಂಕಿನ ಖಾತೆಯೂ ಇದೇ ಬೀಗದ ಹಿಂದೆ ಇವೆ. ಇಂದು ತಮ್ಮ ಹಸ್ತದಲ್ಲಿರುವ ಕೈಯು ನಾಳೆ ಬೇರೊಬ್ಬರ ಹಸ್ತಕ್ಕೆ ಹೋಗುವುದು ಖಂಡಿತ. ಪರಕೀಯರ ಆಳ್ವಿಕೆಯಲ್ಲಿ ಪ್ರಜೆಯ ಕಾಗದವನ್ನು ಒಡೆಯುವುದು ಅಧರ್ಮವಾಗಿದ್ದರೆ, ನಮ್ಮವರ ಆಳ್ವಿಕೆಯಲ್ಲಿ ಅದು ಧರ್ಮವಾಗಲಾರದು. ನಮ್ಮ ಸರ್ಕಾರವು ಈ ಮಾತನ್ನು ವಿರೋಧಿಗಳ ಟೀಕೆಯೆಂದು ಬಗೆಯದೆ, ಹಿತೈಷಿಗಳ ಸಲಹೆಯೆಂದು ಸ್ವೀಕರಿಸುವುದೆಂದು ಆಶಿಸುತ್ತೇವೆ.